ಒಂದು ನೂಲಿನ ಲೆಕ್ಕ

ಭಾನುವಾರ ಮಧ್ಯಾಹ್ನ ಕಾರ್‌ಶೆಡ್ಡಿನಲ್ಲಿ ಮಂಡಿಯೂರಿ ಟೇಪು ಹಿಡಿದಿದ್ದಾಗ ಮೇಸ್ತ್ರಿ ಹೇಳಿದ ಮಾತು ಇವತ್ತು ಬುಧವಾರವಾದರೂ ತಲೆಯಿಂದ ಇಳಿದಿಲ್ಲ. "ಬೇಕಾದ್ದು ಓದ್ಬೇಡಿ ಯಜಮಾನ್ರೇ, ಇರೋದು ಓದಿ." ದನಿ ಏರಿಸಲಿಲ್ಲ. ಟೇಪಿನ ಆ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಬಾಯಲ್ಲಿದ್ದ ಅಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿ ಹೇಳಿದರು, ಅಷ್ಟೆ.

ಕಾರು ನಮ್ಮ ಮಾವನವರದ್ದು, 1986ರ ಪ್ರೀಮಿಯರ್ ಪದ್ಮಿನಿ. ಮುಂಬೈ ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ್ದು. ಇಟಲಿಯ ಫಿಯಟ್ 1100ರ ಸಂತಾನವಾದ್ದರಿಂದ ಚನ್ನರಾಯಪಟ್ಟಣದಲ್ಲಿ ಇವತ್ತಿಗೂ ಎಲ್ಲರೂ ಅದನ್ನು ಫಿಯಟ್ ಅಂತಲೇ ಕರೆಯುತ್ತಾರೆ. ಗೌರಿ ಹಬ್ಬಕ್ಕೆ ಮುಂಚೆ ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿನಿಂದ ಮುಂದಿನ ಚಕ್ರ ತಿರುಗಿಸುವ ಸರಳಿನ ತುದಿಯ ಕೀಲು, ಎರಡೂ ಬದಲಾಯಿಸಿದೆ. ಅದನ್ನು ಬಿಚ್ಚಿ ಹಾಕಿದ ಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ಸರಿಯಾದ ಕಡೆ ಮುಖ ಮಾಡಿವೆಯೇ ಅಂತ, ನೋಡಿಸಲೇಬೇಕು, ಹಾಗಾಗಿ ಬೈಪಾಸ್ ಪಕ್ಕದ ಒಂದು ಅಂಗಡಿಗೆ ಒಯ್ದೆ. ಅಲ್ಲಿದ್ದ ಹುಡುಗ ಕಂಪ್ಯೂಟರಿನಲ್ಲಿ ಹೆಸರುಗಳನ್ನು ಮೇಲೆ ಕೆಳಗೆ ಸರಿಸಿ, "ಈ ಗಾಡಿ ಸಿಸ್ಟಮ್‌ನಲ್ಲೇ ಇಲ್ಲ ಸಾರ್" ಅಂದ. ಅವನ ತಪ್ಪೇನಿಲ್ಲ, ಅವನು ಹುಟ್ಟುವ ಹೊತ್ತಿಗೆ ಈ ಕಾರು ತಯಾರಾಗುವುದೇ ನಿಂತುಹೋಗಿತ್ತು. ಮುಂಬೈನಲ್ಲಿ ನೋಂದಣಿಯಿದ್ದ ಕೊನೆಯ ಪದ್ಮಿನಿ ಟ್ಯಾಕ್ಸಿ ಕೂಡ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಆದರೆ ಇಲ್ಲ ಅಂದವನು ಅಲ್ಲಿಗೆ ಬಿಡಬೇಕಿತ್ತು. "ಹತ್ತಿರದ್ದು ಯಾವುದಾದ್ರೂ ಹಾಕ್ತೀನಿ" ಅಂತ ಒಂದು ಚಿಕ್ಕ ಹೊಸ ಕಾರಿನ ಹೆಸರು ಒತ್ತಿದ. ಹತ್ತು ನಿಮಿಷದಲ್ಲಿ ಕಾಗದ ಬಂತು. ಎಲ್ಲಾ ಅಂಕಿಗಳೂ ಹಸಿರು. ದುಡ್ಡು ಕೊಟ್ಟು ಬಂದೆ.

ಹೊಸ ಕಾರುಗಳಲ್ಲಿ ಬಹುಪಾಲಿಗೆ ಎಂಜಿನ್ನಿನ ಬಲ ಮುಂದಿನ ಚಕ್ರಕ್ಕೇ ಹೋಗುತ್ತದೆ. ಎಳೆಯುವಾಗ ಆ ಚಕ್ರಗಳು ತಾವಾಗಿ ಒಳಕ್ಕೆ ಮುಖ ಮಾಡುತ್ತವೆ, ಆದ್ದರಿಂದ ನಿಂತಾಗ ನೇರವಾಗಿ ಅಥವಾ ತುಸು ಹೊರಕ್ಕೆ ಇಟ್ಟಿರುತ್ತಾರೆ. ಪದ್ಮಿನಿಯದು ಹಿಂದಿನ ಚಕ್ರ ತಳ್ಳುವ ಗಾಡಿ. ಮುಂದಿನವು ಬರಿದೇ ಉರುಳುತ್ತವೆ, ರಸ್ತೆ ಅವನ್ನು ಹಿಂದಕ್ಕೆ ಒತ್ತುತ್ತದೆ, ಕೀಲುಗಳಲ್ಲಿರುವ ಅಲ್ಪಸ್ವಲ್ಪ ಸಡಿಲವೆಲ್ಲ ಸೇರಿ ಎರಡೂ ಹೊರಕ್ಕೆ ಅಗಲುತ್ತವೆ. ಅದಕ್ಕೇ ಇಂಥ ಗಾಡಿಗೆ ಮೊದಲೇ ಒಂದೆರಡು ಮಿಲಿಮೀಟರ್ ಟೋ-ಇನ್, ಅಂದರೆ ಒಳಮುಖ, ಕೊಡುವುದು. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ಕಾಗದ ಹಸಿರಾಗಿರುತ್ತದೆ, ಟೈರು ಸವೆಯುತ್ತದೆ. ದೀಪಾವಳಿ ಕಳೆಯುವಷ್ಟರಲ್ಲಿ ಹೊಸ ಟೈರುಗಳ ಒಳಅಂಚು ತಿಂದುಹೋಗಿತ್ತು. ಕೈ ಸವರಿದರೆ ಒಂದು ಕಡೆಗೆ ನುಣುಪು, ವಾಪಸ್ ಸವರಿದರೆ ಗರಗಸ. ಸ್ಟೇರಿಂಗ್ ಬೇರೆ ಎಡಕ್ಕೆ ಎಳೆಯುತ್ತಿತ್ತು.

ಮನೆಯಲ್ಲೇ ಅಳೆಯೋಣ ಅಂತ ತೀರ್ಮಾನಿಸಿದಾಗ ಮಳೆಗೆ ಬಿದ್ದ ಕಾಂಪೌಂಡ್ ಗೋಡೆ ಕಟ್ಟಲು ಮೇಸ್ತ್ರಿ ಬಂದಿದ್ದರು. ಗೋಡೆ ನೆಟ್ಟಗಿದೆಯೇ ಅಂತ ನೋಡಲು ದಾರದಲ್ಲಿ ಇಳಿಬಿಡುವ ಅವರ ತೂಕದ ಗುಂಡು ಅರ್ಧ ದಿನಕ್ಕೆ ಸಿಗುತ್ತಾ ಅಂತ ಕೇಳಿದೆ. "ಕಾರಿಗಾ?" ಅಂತ ಒಮ್ಮೆ ನೋಡಿ, ಕರಣೆ ಬಾಂಡ್ಲಿಯಲ್ಲಿಟ್ಟು ತಾವೇ ಎದ್ದು ಬಂದರು. ಸಿಮೆಂಟು ಕಲೆಸಿಟ್ಟಿದ್ದಾಗ ಯಾವ ಮೇಸ್ತ್ರಿಯೂ ಕೆಲಸ ಬಿಟ್ಟು ಏಳುವುದಿಲ್ಲ. ಇವರು ಕೈಯಾಳು ಹುಡುಗನಿಗೆ ಗಾರೆ ಒಪ್ಪಿಸಿ ಬಂದರಲ್ಲ, ಆಗಲೇ ಮನುಷ್ಯ ಯಾವ ಥರ ಅಂತ ನನಗೆ ತಿಳಿಯಬೇಕಿತ್ತು.

ಕಾರಿನ ಕಡೆ ನೋಡುವ ಮೊದಲು ಅವರು ನೆಲ ನೋಡಿದರು. ನೀರು ತುಂಬಿದ ಟ್ಯೂಬ್ ಲೆವೆಲ್ ತಂದು ನಾಲ್ಕು ಚಕ್ರ ನಿಲ್ಲುವ ಜಾಗದಲ್ಲೂ ಹಿಡಿದರು. ಎಡಕ್ಕೂ ಬಲಕ್ಕೂ ನಾಲ್ಕು ಮಿಲಿಮೀಟರ್ ವ್ಯತ್ಯಾಸ. ಇಪ್ಪತ್ತು ವರ್ಷದಿಂದ ಆ ನೆಲದ ಮೇಲೆ ಕಾರು ನಿಲ್ಲಿಸುತ್ತಿದ್ದೇನೆ, ಒಂದು ದಿನವೂ ಗೊತ್ತಾಗಿರಲಿಲ್ಲ. ತಗ್ಗಿನ ಕಡೆ ಒಂದು ತೆಳು ಟೈಲ್ಸ್ ಚೂರು, ಅದರ ಮೇಲೆ ರಟ್ಟು ಹಾಕಿ ಸರಿಮಾಡಿದರು. "ಪಾಯ ಓರೆ ಇಟ್ಕೊಂಡು ಗೋಡೆ ಬೈಯ್ಬಾರ್ದು" ಅಂತ ತಮಗೆ ತಾವೇ ಹೇಳಿಕೊಂಡರು.

ಚಕ್ರದ ರಿಮ್ಮಿನಿಂದ ಅಳೆಯಲು ಹೋಗಬಾರದು, ಹಳೆಯ ರಿಮ್ಮು ಎಲ್ಲೋ ಒಂದು ಕಡೆ ಬಾಗಿಯೇ ಇರುತ್ತದೆ. ಜಾಕ್ ಕೊಟ್ಟು ಎತ್ತಿ, ಟೈರಿನ ನಡುಭಾಗಕ್ಕೆ ಸುತ್ತಲೂ ಒದ್ದೆ ಸೀಮೆಸುಣ್ಣ ಬಳಿದು ಒಣಗಲು ಬಿಟ್ಟೆ. ಮರದ ತುಂಡಿಗೆ ಒಂದು ಮೊಳೆ ಹೊಡೆದು, ಅದನ್ನು ನೆಲಕ್ಕೆ ಅಲುಗದಂತೆ ಒತ್ತಿ ಹಿಡಿದು ಚಕ್ರ ತಿರುಗಿಸಿದರೆ ಬಿಳಿ ಪಟ್ಟಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಬೀಳುತ್ತದೆ. ರಿಮ್ಮು ಎಷ್ಟೇ ಸೊಟ್ಟ ಇರಲಿ, ಮೊಳೆ ನಿಂತಲ್ಲೇ ನಿಂತಿರುವುದರಿಂದ ಗೆರೆ ಮಾತ್ರ ಸುಳ್ಳಾಗುವುದಿಲ್ಲ. ಎರಡನೇ ಚಕ್ರಕ್ಕೆ ಹೋಗುವ ಹೊತ್ತಿಗೆ ಮೊಳೆಯ ತುಂಡು ಮೇಸ್ತ್ರಿಯ ಕೈಯಲ್ಲಿತ್ತು. ಗೆರೆ ಒಂದು ಸುತ್ತು ಬಂದು ತನ್ನ ಬಾಲಕ್ಕೇ ಕೂಡಿಕೊಂಡಾಗ ಆ ಮುಖದಲ್ಲಿ ಕಂಡ ಖುಷಿಯನ್ನು ನಾನು ಮರೆಯುವುದಿಲ್ಲ.

ಕಾರು ಇಳಿಸಿ, ಮುಂಭಾಗ ನಾಲ್ಕು ಸಲ ಕುಲುಕಿಸಿ, ಹತ್ತಡಿ ಹಿಂದೆ ಮುಂದೆ ತಳ್ಳಿದೆವು. ಜಾಕಿನಿಂದ ಇಳಿದ ಚಕ್ರ ತಕ್ಷಣ ತನ್ನ ಜಾಗಕ್ಕೆ ಕೂರುವುದಿಲ್ಲ, ಉರುಳಿದ ಮೇಲೇ ಕೂರುತ್ತದೆ. ಮುಂದಿನ ಎರಡು ಚಕ್ರಗಳ ಹಿಂಬದಿಯಲ್ಲಿ ಅವುಗಳ ನಡುವೆ ಟೇಪು ನೇರವಾಗಿ ಹಾಯುವುದಿಲ್ಲ, ಎಂಜಿನ್ನಿನ ಹೊಟ್ಟೆ ಅಡ್ಡ. ಅಲ್ಲಿಗೇ ತೂಕದ ಗುಂಡು ಬೇಕಿದ್ದದ್ದು. ಟೈರಿನ ಮುಂಬದಿಯಲ್ಲಿ ಗಾಲಿಯ ಮಧ್ಯದೆತ್ತರಕ್ಕೆ ದಾರವನ್ನು ಗೆರೆಗೆ ತಾಗಿಸಿ ಗುಂಡು ಇಳಿಬಿಟ್ಟು, ಓಲಾಟ ನಿಂತ ಮೇಲೆ ಅದರ ಮೊನೆಯ ಕೆಳಗೆ ಪೆನ್ಸಿಲ್ ಚುಕ್ಕೆ. ಹಿಂಬದಿಗೂ ಹಾಗೇ. ನಾಲ್ಕು ಚುಕ್ಕೆಯಾದ ಮೇಲೆ ಕಾರನ್ನು ಹಿಂದಕ್ಕೆ ತಳ್ಳಿದರೆ ಖಾಲಿ ನೆಲದ ಮೇಲೆ ಅಳತೆ ಸಿಗುತ್ತದೆ.

ಮುಂದೆ 1234, ಹಿಂದೆ 1231. ಮೂರು ಮಿಲಿಮೀಟರ್ ಹೊರಕ್ಕೆ. ಮೇಸ್ತ್ರಿ ಟೇಪಿನ ಮೇಲಿನ ಅಂಚು ನೋಡಿ "ಒಂದು ನೂಲು" ಅಂದರು. ನನ್ನದು ಮಿಲಿಮೀಟರ್, ಅವರದು ನೂಲು, ಇಂಚಿಗೆ ಎಂಟು. ಆಮೇಲೆ ಲೆಕ್ಕ ಹಾಕಿ ನೋಡಿದೆ: ಈ ಒಂದು ನೂಲಿಗೆ, ಕಾರು ಒಂದು ಕಿಲೋಮೀಟರ್ ಓಡಿದರೆ ಮುಂದಿನ ಒಂದೊಂದು ಟೈರೂ ಸುಮಾರು ಎರಡೂವರೆ ಮೀಟರಿನಷ್ಟು ಅಡ್ಡಡ್ಡ ಉಜ್ಜಿಕೊಂಡು ಹೋಗಿರುತ್ತದೆ. ಬೆಂಗಳೂರಿಗೆ ಹೋಗಿಬಂದರೆ ಎಷ್ಟಾಯಿತು?

ಟೈ ರಾಡಿನ ಕ್ಲಾಂಪುಗಳನ್ನು ಸಡಿಲಿಸಿ, ಎರಡೂ ಬದಿ ಸಮಸಮನಾಗಿ ತಿರುಗಿಸಿದೆ. ಒಂದೇ ಬದಿ ತಿರುಗಿಸಿದರೆ ಸ್ಟೇರಿಂಗ್ ಓರೆಯಾಗುತ್ತದೆ. ಮತ್ತೆ ಕುಲುಕಾಟ, ತಳ್ಳಾಟ, ಗುಂಡು, ಚುಕ್ಕೆ. 1233, 1232. ಇನ್ನೂ ಹೊರಕ್ಕೇ ಇದೆ. ಮತ್ತೆ ಕಾರಿನಡಿ ಮಲಗಿದೆ. ಒಂದೊಂದು ಸುತ್ತಿಗೆ ಅರ್ಧ ಗಂಟೆ. ಮೂರನೇ ಸುತ್ತಿಗೆ ಮಧ್ಯಾಹ್ನ ಎರಡೂವರೆಯಾಗಿತ್ತು. "ರೀ, ಅನ್ನ ಆರೋಗ್ತಿದೆ, ಮೇಸ್ತ್ರಿಗೂ ಬಡಿಸಿದೀನಿ" ಅಂತ ಒಳಗಿಂದ ಎರಡನೇ ಸಲ ಕೂಗು ಬಂದಿತ್ತು. ಬೆನ್ನು ಬಿದ್ದುಹೋಗಿತ್ತು. ಮುಂದೆ 1231, ಹಿಂದೆ 1233 ಬಂದರೆ ಮುಗಿಯಿತು ಅಂತ ಮನಸ್ಸಿನಲ್ಲಿ ಇಟ್ಟುಕೊಂಡೇ ಬಗ್ಗಿದೆ.

"1231" ಅಂದೆ.

"ಇನ್ನೊಂದ್ಸಲ ನೋಡಿ."

"1231 ಅನ್ನಿ ಮೇಸ್ತ್ರಿ, ಕೂದಲೆಳೆ ಆಚೆ ಈಚೆ."

"ಚುಕ್ಕೆ 32ರ ಗೆರೆ ಮೇಲೇ ಕೂತಿದೆ. ಬೇಕಾದ್ದು ಓದ್ಬೇಡಿ ಯಜಮಾನ್ರೇ, ಇರೋದು ಓದಿ."

32ರ ಮೇಲೇ ಇತ್ತು. ಸುಳ್ಳು ಹೇಳಬೇಕು ಅಂತ ನಾನು ಹೇಳಿದ್ದಲ್ಲ. ಆ ಕ್ಷಣಕ್ಕೆ ನನ್ನ ಕಣ್ಣಿಗೆ ನಿಜವಾಗಿಯೂ 31 ಕಂಡಿತ್ತು. ಮೂರು ದಿನದಿಂದ ನನ್ನನ್ನು ಕೊರೆಯುತ್ತಿರುವುದು ಇದೇ.

ಯಾಕೆಂದರೆ ನಾನು ಒಂಬತ್ತು ವರ್ಷ ಹಳ್ಳಿಯ ಹಾಲಿನ ಡೇರಿಯಲ್ಲಿ ಟೆಸ್ಟರ್ ಆಗಿದ್ದವನು. ಓದುವುದೇ ನನ್ನ ಕೆಲಸ. ಬೆಳಿಗ್ಗೆ ಆರಕ್ಕೆ ನಲವತ್ತು ಜನ ಸಾಲು, ಲಾರಿ ಬರುವಷ್ಟರಲ್ಲಿ ಮುಗಿಸಬೇಕು. ಹಾಲು ಎಷ್ಟು ಗಟ್ಟಿ ಅಂತ ತೋರಿಸುವ ಲ್ಯಾಕ್ಟೋಮೀಟರನ್ನು ಹಾಲಿಗೆ ಬಿಟ್ಟರೆ ಅದು ಗೋಡೆಗೆ ತಾಗದೆ ತೇಲಬೇಕು, ನೊರೆ ಆರಬೇಕು, ಬಗ್ಗಿ ಕಣ್ಣಿನ ಮಟ್ಟಕ್ಕೆ ನೋಡಬೇಕು. ಆಗತಾನೆ ಕರೆದ ಹಾಲಿನಲ್ಲಿ ಗಾಳಿ ತುಂಬಿರುತ್ತದೆ, ಕಾಯದೆ ಓದಿದರೆ ಅಂಕಿ ಕಡಿಮೆಯೇ ಬರುವುದು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಎಷ್ಟೋ ಬೆಳಿಗ್ಗೆ ನಿಂತಲ್ಲಿಂದಲೇ ಓದಿದ್ದೇನೆ. ದೊಡ್ಡ ಕ್ಯಾನ್ ತರುವವರದ್ದು ಎರಡು ಗೆರೆಗಳ ನಡುವೆ ನಿಂತರೆ ದೊಡ್ಡ ಅಂಕಿಯನ್ನು ಓದುತ್ತಿದ್ದೆ, ಅವರ ಮೇಲೆ ನಂಬಿಕೆ ಅಂತ. ಒಂದು ಹಸುವಿಟ್ಟುಕೊಂಡು ಸ್ಟೀಲ್ ಡಬ್ಬಿಯಲ್ಲಿ ಎರಡು ಲೀಟರ್ ತರುತ್ತಿದ್ದ ಒಬ್ಬ ಅಜ್ಜಿ ಇದ್ದರು. ಅವರದ್ದು ಹಾಗೆ ನಡುವೆ ನಿಂತರೆ ಚಿಕ್ಕ ಅಂಕಿ. ಅವರು ನೀರು ಬೆರೆಸುತ್ತಾರೆ ಅಂತ ಯಾರೋ ಯಾವಾಗಲೋ ಹೇಳಿದ್ದು ನನ್ನ ಕಿವಿಯಲ್ಲಿತ್ತು.

ಒಂದು ದಿನ 25 ಅಂತ ಓದಿ ಹಾಲು ವಾಪಸ್ ಕಳಿಸಿದೆ. "ನೊರೆ ಇಳೀಲಿ ಕಣಪ್ಪ, ಆಮೇಲೆ ನೋಡು" ಅಂದರು. ಸಾಲಿನಲ್ಲಿ ಯಾರೋ ನಕ್ಕರು. ನಾನು ಮುಂದಿನ ಡಬ್ಬಿ ಎತ್ತಿಕೊಂಡೆ. ಅಜ್ಜಿ ಸೆರಗಿನಿಂದ ಡಬ್ಬಿಯ ಬಾಯಿ ಒರೆಸಿ, ಮುಚ್ಚಳ ಹಾಕಿ, ಹೋದರು. ಆವತ್ತು ಆ ಹಾಲು ನಿಜವಾಗಿಯೂ ತೆಳ್ಳಗಿತ್ತೋ ಏನೋ, ಈಗ ಯಾರಿಂದಲೂ ಹೇಳಲು ಆಗುವುದಿಲ್ಲ. ನಾನು ಕಾದು ಓದಲಿಲ್ಲ ಅನ್ನುವುದನ್ನು ಮಾತ್ರ ಹೇಳಬಲ್ಲೆ. ಅವರು ತೀರಿಕೊಂಡು ಆರೇಳು ವರ್ಷವಾಯಿತು. ಬೈಪಾಸಿನ ಹುಡುಗನ ಮೇಲೆ ನನಗಿದ್ದ ಸಿಟ್ಟು ಭಾನುವಾರ ರಾತ್ರಿ ಇಳಿದದ್ದು ಹೀಗೆ. ಅವನು ಇಲ್ಲದ್ದನ್ನು ಒತ್ತಿದ್ದು ಒಂದು ಕಾರಿನ ಮೇಲೆ. ನಾನು ಒತ್ತಿದ್ದು ಒಬ್ಬರ ಎರಡು ಲೀಟರ್ ಹಾಲಿನ ಮೇಲೆ.

ನಾಲ್ಕನೇ ಸುತ್ತು ಊಟವಾದ ಮೇಲೆ ಮಾಡಿದೆವು. ಟೈ ರಾಡುಗಳಿಗೆ ಇನ್ನಷ್ಟು ಸಣ್ಣ ತಿರುವು. ಈ ಸಲ ಟೇಪಿನ ಓದುವ ತುದಿಯನ್ನು ಮೇಸ್ತ್ರಿಗೆ ಕೊಟ್ಟೆ, ನಾನು ಆ ತುದಿ ಒತ್ತಿ ಹಿಡಿದೆ. ಅವರು ಅಂಕಿ ಹೇಳದೆ ಸುಮ್ಮನೆ ಬೆರಳಿಟ್ಟು ತೋರಿಸಿದರು. 1231. ಹಿಂದೆ 1233. ಕ್ಲಾಂಪು ಬಿಗಿದು, ಬಿಗಿಯುವಾಗ ರಾಡು ತಿರುಗಿರಬಹುದೆಂದು ಇನ್ನೊಮ್ಮೆ ಅಳೆದು, ಅದೇ ಬಂದ ಮೇಲೆ ಎದ್ದೆವು. ಸಂಜೆ ಇಬ್ಬರೂ ಶ್ರವಣಬೆಳಗೊಳದ ರಸ್ತೆಯಲ್ಲಿ ಹೋಗಿಬಂದೆವು. ಸ್ಟೇರಿಂಗ್ ಹಗುರಾಗಿದೆ, ತಿರುವಿನ ಆಚೆ ತಾನಾಗಿ ನೇರಕ್ಕೆ ಬರುತ್ತದೆ. ಎಡಕ್ಕೆ ಎಳೆಯುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಅದಕ್ಕೂ ಕಾರಣ ಸಿಕ್ಕಿದೆ. ನಿನ್ನೆ ದಾರವನ್ನು ಚಕ್ರದ ಪಕ್ಕ ಇಳಿಬಿಟ್ಟು ರಿಮ್ಮಿನ ಮೇಲಂಚಿಗೂ ಕೆಳಗಂಚಿಗೂ ಇರುವ ದೂರ ಅಳೆದೆ. ಚಕ್ರದ ಈ ವಾಲಿಕೆಗೇ ಕ್ಯಾಂಬರ್ ಅನ್ನುವುದು. ಬಲಗಡೆ ನಾಲ್ಕು ಮಿಲಿಮೀಟರ್ ಹೊರವಾಲು, ಎಡಗಡೆ ಏಳು. ರಿಮ್ಮಿನ ಅಡ್ಡಗಲ 380 ಮಿಲಿಮೀಟರ್, ಅಂದರೆ ಎಡಚಕ್ರ ಹೆಚ್ಚುಕಡಿಮೆ ಅರ್ಧ ಡಿಗ್ರಿ ಜಾಸ್ತಿ ಹೊರಕ್ಕೆ ವಾಲಿದೆ. ಯಾವ ಕಡೆ ಹೊರವಾಲು ಜಾಸ್ತಿಯೋ ಆ ಕಡೆಗೇ ಗಾಡಿ ಎಳೆಯುವುದು. ಮೊದಲ ಸಲ ಓದಿದಾಗ ಎಡಗಡೆ ಐದು ಅಂತ ಕಂಡಿತು. ಎದ್ದು, ಮುಖ ತೊಳೆದು ಬಂದು ಮತ್ತೆ ಓದಿದೆ.

ಗೋಡೆ ನಾಳೆ ಗುರುವಾರ ಮುಗಿಯುತ್ತದಂತೆ. ಗುಂಡು ವಾಪಸ್ ಕೊಡಲು ಹೋದರೆ, "ನಿಮ್ಮ ಕ್ಯಾಂಬರ್ರೋ ಎಂಥದೋ ಇನ್ನೂ ಬಾಕಿ ಐತಲ್ಲ, ಇಟ್ಕಳಿ" ಅಂದರು. ದಾರ ಸುತ್ತಿ ಶೆಡ್ಡಿನ ಮೊಳೆಗೆ ನೇತುಹಾಕಿದ್ದೇನೆ. ಕೆಳಗೆ ನೆಲದ ಮೇಲೆ ನಾಲ್ಕೂ ಸುತ್ತಿನ ಚುಕ್ಕೆಗಳು ಹಾಗೇ ಇವೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ಅಂಕಿಗಳು. ಮೂರನೆಯದರ ಪಕ್ಕ 31 ಹೊಡೆದುಹಾಕಿ 32 ಮಾಡಿದ್ದು ಕಾಣುತ್ತದೆ.