ಬರ್ತ್ ಸರ್ಟಿಫಿಕೇಟ್ ಸರಿಯಿದ್ದರೂ ನಿಂತ ಫೈಲ್

ಮಂಗಳೂರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಪಾಸ್‌ಪೋರ್ಟ್ ಟೇಬಲ್ ನನ್ನದು. ಮಕ್ಕಳ ಫ್ರೆಶ್ ಪಾಸ್‌ಪೋರ್ಟ್ ಅಂದರೆ ನಮ್ಮಲ್ಲಿ ಎಲ್ಲರಿಗೂ ಸಸಾರ. ಬರ್ತ್ ಸರ್ಟಿಫಿಕೇಟ್, ಅಪ್ಪ ಅಮ್ಮನ ದಾಖಲೆ, ಅನೆಕ್ಷರ್ ಡಿ ಅನ್ನುವ ಅಪ್ಪ ಅಮ್ಮನ ಒಪ್ಪಿಗೆ ಪತ್ರ, ಅಪಾಯಿಂಟ್‌ಮೆಂಟ್, ಅಷ್ಟೇ. ಒಂದು ಫೈಲ್ ಮಾತ್ರ ಇವತ್ತಿಗೂ ನನಗೆ ಚುಚ್ಚುತ್ತದೆ.

ಅಪ್ಪ ಇಲ್ಲಿಯವರೇ, ದುಬೈಯಲ್ಲಿ ಹೋಟೆಲ್ ಕೆಲಸ. ಅಮ್ಮ ನೇಪಾಳದವರು. ಮಗಳು ಹುಟ್ಟಿದ್ದು 2018ರಲ್ಲಿ, ಮಂಗಳೂರಿನಲ್ಲೇ. ಫಾರ್ಮ್ ತುಂಬಿದ್ದು ಪಕ್ಕದ ಟೇಬಲ್‌ನವರು. ಅಮ್ಮನ ಆಧಾರ್ ನೋಡಿ, ಅವರೂ ಭಾರತೀಯರು ಅಂತಲೇ ಸಬ್ಮಿಟ್ ಮಾಡಿಬಿಟ್ಟಿದ್ದರು. "ಆಧಾರ್ ಇದ್ರೆ ಇಂಡಿಯನ್" ಅನ್ನೋದು ನಮ್ಮ ಮ್ಯಾನೇಜರ್ ಎಲ್ಲರಿಗೂ ಹೇಳಿಕೊಟ್ಟ ಮಾತು.

ಅಪಾಯಿಂಟ್‌ಮೆಂಟ್‌ನ ಹಿಂದಿನ ಸಂಜೆ ಒರಿಜಿನಲ್ ಜೋಡಿಸುವಾಗ ಆ ತಾಯಿ ಪ್ಲಾಸ್ಟಿಕ್ ಕವರಿನಿಂದ ನೇಪಾಳದ ನಾಗರಿಕತಾ ಪತ್ರ ತೆಗೆದರು. ಮಡಿಕೆಯಲ್ಲಿ ಹರಿದು, ಹಿಂದಿನಿಂದ ಟೇಪ್ ಹಚ್ಚಿದ ಕಾಗದ. "ಇದೂ ಬೇಕಾ ಅಕ್ಕ?" ಅಂತ ಕೇಳಿದರು. ಗಂಡ ತಕ್ಷಣ, "ಅದನ್ನು ಒಳಗಿಡು, ತೋರಿಸಿದ್ರೆ ಮಗುವಿನ ಪಾಸ್‌ಪೋರ್ಟ್ ನಿಂತು ಹೋಗ್ತದೆ" ಅಂದರು. ಮ್ಯಾನೇಜರ್ ಕೂಡ "ಸುಮ್ನೆ ಯಾಕೆ ತಲೆಬಿಸಿ, ಹಾಗೇ ಕಳಿಸಿ" ಅಂದರು.

ನಾನು ಒಪ್ಪಲಿಲ್ಲ. ಆಧಾರ್ ಪೌರತ್ವಕ್ಕೆ ಸಾಕ್ಷಿಯಲ್ಲ ಅಂತ ಆಧಾರ್ ಕಾಯ್ದೆಯ 9ನೇ ಸೆಕ್ಷನ್ನಿನಲ್ಲೇ ಇದೆ. ಇಲ್ಲಿ ವಾಸವಿರುವ ಪರದೇಶದವರಿಗೂ ಅದು ಸಿಗುತ್ತದೆ. ಮದುವೆಯಾದ ಮಾತ್ರಕ್ಕೆ ಯಾರೂ ಭಾರತೀಯರಾಗುವುದಿಲ್ಲ, ಏಳು ವರ್ಷ ಇಲ್ಲಿದ್ದು ಬೇರೆ ಅರ್ಜಿ ಹಾಕಬೇಕು. ಗೊತ್ತಿದ್ದೂ ತಪ್ಪು ಮಾಹಿತಿ ಕೊಟ್ಟರೆ ಪಾಸ್‌ಪೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಇದೆ, ಎರಡು ವರ್ಷದವರೆಗೆ ಜೈಲಾಗಬಹುದು. ಸಿಕ್ಕಿಬೀಳುವವರು ಆ ಅಪ್ಪ ಅಮ್ಮ, ನಮ್ಮ ಮ್ಯಾನೇಜರ್ ಅಲ್ಲ.

ಇನ್ನೂ ಬೇಜಾರಿನ ವಿಷಯ ಏನೆಂದರೆ, ಮುಚ್ಚಿಡುವಂಥದ್ದು ಏನೂ ಇರಲೇ ಇಲ್ಲ. 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರಿಗೆ ಹುಟ್ಟಿದ್ದೇ ಸಾಕಿತ್ತು. 2004ರ ಡಿಸೆಂಬರ್ 3ರಿಂದ ಈಚೆ ಹುಟ್ಟಿದ ಮಗುವಿಗೆ ಹಾಗಲ್ಲ. ಅಪ್ಪ ಅಮ್ಮ ಇಬ್ಬರೂ ಭಾರತೀಯರಾಗಿರಬೇಕು. ಇಲ್ಲವೇ ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಮಗು ಹುಟ್ಟುವಾಗ ಅಕ್ರಮ ವಲಸಿಗರಾಗಿರಬಾರದು. ನೇಪಾಳದವರು ಗಡಿ ದಾಟಿ ಬರಲು ವೀಸಾ ಬೇಡ, ಅವರಿಗೆ ಅದು ಅಕ್ರಮ ಆಗುವುದಿಲ್ಲ. ಅಂದ ಮೇಲೆ ಈ ಮಗು ಹುಟ್ಟಿನಿಂದಲೇ ಭಾರತೀಯಳು. ಅದನ್ನು ತೋರಿಸುವ ಕಾಗದವನ್ನೇ ಒಳಗಿಡಿ ಅಂತಿದ್ದರು!

ಮರುದಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ, ಕಾಗದ ಸ್ಕ್ಯಾನ್ ಮಾಡುವ ಎ ಕೌಂಟರಿನಲ್ಲೇ ಹೇಳಿ ತಿದ್ದಿಸಿಕೊಳ್ಳಿ ಅಂದೆ. ನಮ್ಮನ್ನು ಒಳಗೆ ಬಿಡುವುದಿಲ್ಲ, ಹೊರಗೆ ನಿಂತಿದ್ದೆ. ಎ ಆಯಿತು. ದಾಖಲೆ ಪರಿಶೀಲಿಸುವ ಬಿಯಲ್ಲಿ ಫೈಲ್ ನಿಂತಿತು. ಸ್ವಲ್ಪ ಹೊತ್ತಿಗೆ ಗಂಡನ ಫೋನ್: "ಮೇಡಂ, ಸಿ ಕೌಂಟರಿನಲ್ಲಿ, ಕೊನೆಗೆ ತೀರ್ಮಾನ ಮಾಡುವ ಅಧಿಕಾರಿ ಹತ್ತಿರ ಕೂರಿಸಿದ್ದಾರೆ. ಇವಳು ಇಂಡಿಯಾಕ್ಕೆ ಯಾವಾಗ ಬಂದದ್ದು, ಹೇಗೆ ಬಂದದ್ದು ಅಂತ ಕೇಳ್ತಿದ್ದಾರೆ." ದನಿ ನಡುಗುತ್ತಿತ್ತು. "ಇದ್ದದ್ದು ಇದ್ದ ಹಾಗೆ ಹೇಳಲಿ" ಅಂದೆ. ಆಮೇಲೆ ಫೋನ್ ಇಲ್ಲ. ನಾನು ಕಲಿತದ್ದೆಲ್ಲ ಸರಿಯೇ ಅಂತ ಗೊತ್ತಿದ್ದರೂ ಕೈ ಬೆವರುತ್ತಿತ್ತು. ನಿಯಮ ಗೊತ್ತಿರುವುದು ಬೇರೆ, ಆ ಹೊತ್ತಿಗೆ ಕೌಂಟರಿನಲ್ಲಿ ಕೂತವರು ಅದನ್ನು ಒಪ್ಪುವುದು ಬೇರೆ, ಅಲ್ವಾ?

ಸುನೌಲಿ ಗಡಿಯಿಂದ ಬಸ್ಸಿನಲ್ಲಿ ಬಂದೆ, ಇಲ್ಲೇ ಮದುವೆಯಾದೆ ಅಂತ ಆಕೆ ನೇರವಾಗಿ ಹೇಳಿದ್ದರು. ಅಧಿಕಾರಿ ನಾಗರಿಕತಾ ಪತ್ರ, ಮದುವೆ ಸರ್ಟಿಫಿಕೇಟ್ ಎರಡರ ಪ್ರತಿಯನ್ನೂ ಫೈಲಿಗೆ ಸೇರಿಸಿ, ಪಿವಿ, ಅಂದರೆ ಪೊಲೀಸ್ ವೆರಿಫಿಕೇಶನ್, ಆದ ಮೇಲೆ ನೋಡೋಣ ಅಂದರು.

ಪಿವಿ ಎಳೆಯಿತು. ಅಪ್ಪನ ರಜೆ ಮುಗಿಯುವಷ್ಟರಲ್ಲಿ ಪಾಸ್‌ಪೋರ್ಟ್ ಬರಲಿಲ್ಲ, ಅವರೊಬ್ಬರೇ ಹೋದರು. "ನಿಮ್ಮಿಂದ ಕಸ್ಟಮರಿಗೆ ಲೇಟಾಯ್ತು" ಅಂತ ಮ್ಯಾನೇಜರ್ ಎಲ್ಲರೆದುರು ಅಂದರು. ಆ ಮಾತು ನನಗೆ ಇನ್ನೂ ಜೀರ್ಣವಾಗಿಲ್ಲ. ಪಾಸ್‌ಪೋರ್ಟ್ ಬಂತು, ತಾಯಿ ಮಗಳು ಆಮೇಲೆ ಹೋದರು.

ನಮ್ಮ ಎಕ್ಸೆಲ್ ಶೀಟಿನಲ್ಲಿ ಅಪ್ಪ ಅಮ್ಮನ ಆಧಾರ್ ನಂಬರಿಗೆ ಜಾಗ ಇತ್ತು, ರಾಷ್ಟ್ರೀಯತೆಗೆ ಇರಲಿಲ್ಲ. ಪಟ್ಟು ಹಿಡಿದು ಹೊಸ ಕಾಲಮ್ ಹಾಕಿಸಿದ್ದೇನೆ: ಮಗು ಹುಟ್ಟಿದ ದಿನ ಅಪ್ಪ ಯಾವ ದೇಶದವರು, ಅಮ್ಮ ಯಾವ ದೇಶದವರು, ಅದಕ್ಕೆ ಕಾಗದ ಏನಿದೆ. ಅದು ತುಂಬದೆ ನನ್ನ ಟೇಬಲ್‌ನಿಂದ ಯಾವ ಮಗುವಿನ ಫಾರ್ಮೂ ಸಬ್ಮಿಟ್ ಆಗುವುದಿಲ್ಲ.