ಕೈಗಳ ಭೂಪಟ

23 ಸೆಪ್ಟೆಂಬರ್ 2024, ಸೋಮವಾರ

ಇಂದು ಅಂತರರಾಷ್ಟ್ರೀಯ ಸಂಜ್ಞಾ ಭಾಷೆಗಳ ದಿನ. ವಿಶ್ವ ಕಿವುಡರ ಒಕ್ಕೂಟ 1951ರಲ್ಲಿ ಹುಟ್ಟಿದ್ದು ಇದೇ ತಾರೀಖಿನಂದು. ಬೆಳಿಗ್ಗೆಯಿಂದ ಮೊಬೈಲಿಗೆ ಶುಭಾಶಯದ ಚಿತ್ರಗಳು ಬರುತ್ತಲೇ ಇವೆ. ಎಲ್ಲದರಲ್ಲೂ ಒಂದೇ ಕೈಯಲ್ಲಿ ತೋರಿಸುವ ಅವೇ 26 ಅಕ್ಷರಗಳು. ಅಡಿಯಲ್ಲಿ ‘ಜಗತ್ತಿನ ಕಿವುಡರ ಭಾಷೆ’ ಎಂಬ ಬರಹ. ಓದಿದಾಗಲೆಲ್ಲ ಸಿಟ್ಟು ಬರುತ್ತಿದೆ.

ಅವು ಅಮೆರಿಕದ ಸಂಜ್ಞಾ ಭಾಷೆಯ ಅಕ್ಷರಗಳು. ಬ್ರಿಟನ್ನಿನ ಕಿವುಡರು ಅದೇ ಇಂಗ್ಲಿಷ್ ವರ್ಣಮಾಲೆಯನ್ನು ಎರಡೂ ಕೈ ಬಳಸಿ ತೋರಿಸುತ್ತಾರೆ. ಐದು ಸ್ವರಗಳು ಒಂದು ಕೈಯ ಐದು ಬೆರಳ ತುದಿಗಳಲ್ಲಿ ಕೂತಿವೆ: ಹೆಬ್ಬೆರಳ ತುದಿ ಮುಟ್ಟಿದರೆ ಎ, ಕಿರುಬೆರಳ ತುದಿ ಮುಟ್ಟಿದರೆ ಯು. ಅಕ್ಷರಗಳಷ್ಟೇ ಅಲ್ಲ, ಇಡೀ ಭಾಷೆಯೇ ಬೇರೆ. ಇಂಗ್ಲಿಷ್ ಆಡುವ ಇವೆರಡು ದೇಶಗಳ ಕಿವುಡರು ಎದುರುಬದುರು ಕೂತರೆ ಒಬ್ಬರ ಮಾತು ಇನ್ನೊಬ್ಬರಿಗೆ ಸುಲಭವಾಗಿ ತಿಳಿಯುವುದಿಲ್ಲ. ಅಮೆರಿಕದ ಸಂಜ್ಞೆಗಳಿಗೆ ಹತ್ತಿರದ ನೆಂಟಸ್ತಿಕೆ ಇರುವುದು ಫ್ರಾನ್ಸಿನ ಸಂಜ್ಞೆಗಳೊಂದಿಗೆ. ಪ್ಯಾರಿಸ್ಸಿನ ಕಿವುಡ ಶಿಕ್ಷಕ ಲೋರಾನ್ ಕ್ಲೆರ್ ಹಡಗು ಹತ್ತಿ ಬಂದು, 1817ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಕಿವುಡರ ಶಾಲೆ ತೆರೆಯಲು ಜೊತೆಯಾದದ್ದೇ ಇದಕ್ಕೆ ಕಾರಣ.

ಸಂಜ್ಞಾ ಭಾಷೆ ಹರಡುವುದು ಹೀಗೆಯೇ, ಶಾಲೆಯ ದಾರಿ ಹಿಡಿದು. ಕಿವುಡ ಮಕ್ಕಳಲ್ಲಿ ಹೆಚ್ಚಿನವರ ತಂದೆತಾಯಿಯರು ಕಿವಿ ಕೇಳುವವರು. ಹಾಗಾಗಿ ಅನೇಕರಿಗೆ ಮೊದಲ ಭಾಷೆ ಸಿಗುವುದು ಮನೆಯಲ್ಲಲ್ಲ, ಜೊತೆಯಲ್ಲಿ ಓದುವವರ ನಡುವೆ. ಜಪಾನ್ ಆಳುತ್ತಿದ್ದ ಕಾಲದಲ್ಲಿ ಕೊರಿಯಾ ಮತ್ತು ತೈವಾನಿನಲ್ಲಿ ಕಿವುಡರ ಶಾಲೆಗಳು ನಡೆದವು. ಅಲ್ಲಿನ ಸಂಜ್ಞೆಗಳು ಇಂದಿಗೂ ಜಪಾನಿನ ಕುಟುಂಬಕ್ಕೇ ಸೇರುತ್ತವೆ. ಮಾತಿನ ಭೂಪಟದಲ್ಲಿ ಈ ಗಡಿಗಳನ್ನು ಹುಡುಕಿ ಪ್ರಯೋಜನವಿಲ್ಲ.

ಕಿವಿ ಕೇಳುವವರ ಕೈಸನ್ನೆಗಳೂ ದೇಶಕ್ಕೊಂದು ತೆರನಾಗಿವೆ, ನಿಜ. ಬಲ್ಗೇರಿಯಾದಲ್ಲಿ ತಲೆ ಮೇಲೆ ಕೆಳಗೆ ಆಡಿಸಿದರೆ ‘ಇಲ್ಲ’. 1992ರಲ್ಲಿ ಕ್ಯಾನ್‌ಬೆರಾದಲ್ಲಿ ಅಮೆರಿಕದ ಅಧ್ಯಕ್ಷ ಹಿರಿಯ ಬುಷ್ ಅವರು ಕಾರಿನೊಳಗಿಂದ ಎರಡು ಬೆರಳೆತ್ತಿ ಹರಸಿದರು. ಅಂಗೈ ತಮ್ಮ ಕಡೆಗೆ ತಿರುಗಿತ್ತು, ಆಸ್ಟ್ರೇಲಿಯಾದಲ್ಲಿ ಅದು ಬೈಗುಳ. ಇಂಥ ಕಥೆಗಳನ್ನು ಹೇಳುವುದರಲ್ಲಿ ಮಜವಿದೆ. ಆದರೆ ಅವು ಬಿಡಿ ಸನ್ನೆಗಳು, ಒಂದರ ಪಕ್ಕ ಒಂದಿಟ್ಟರೆ ವಾಕ್ಯವಾಗುವುದಿಲ್ಲ. ಸಂಜ್ಞಾ ಭಾಷೆಗೆ ವ್ಯಾಕರಣವಿದೆ. ಅಮೆರಿಕದ ಸಂಜ್ಞೆಯಲ್ಲಿ ಹುಬ್ಬು ಏರಿದರೆ ಹೇಳಿಕೆ ಹೌದು–ಅಲ್ಲ ಎಂದು ಉತ್ತರಿಸಬೇಕಾದ ಪ್ರಶ್ನೆಯಾಗುತ್ತದೆ. ಇದನ್ನು ಭಾಷಾಶಾಸ್ತ್ರ ಗಂಭೀರವಾಗಿ ತೆಗೆದುಕೊಂಡದ್ದು 1960ರಲ್ಲಿ ಅಮೆರಿಕದ ಪ್ರಾಧ್ಯಾಪಕ ವಿಲಿಯಂ ಸ್ಟೋಕಿ ಇದರ ಬಗ್ಗೆ ಬರೆದ ಮೇಲೆ. ಅದಕ್ಕೂ 80 ವರ್ಷ ಮೊದಲು ಮಿಲಾನಿನಲ್ಲಿ ಸೇರಿದ ಶಿಕ್ಷಕರು, ಬಹುಪಾಲು ಕಿವಿ ಕೇಳುವವರೇ, ತರಗತಿಯಿಂದ ಸಂಜ್ಞೆಯನ್ನು ಹೊರಗಿಡಬೇಕೆಂದು ಕೈಯೆತ್ತಿ ಮತ ಹಾಕಿದ್ದರು. ಕೈಯೆತ್ತಿಯೇ ಹಾಕಿದರೋ ಇಲ್ಲವೋ, ನನಗೆ ಹಾಗೆ ಊಹಿಸಿಕೊಳ್ಳುವುದು ಇಷ್ಟ.

ಎಲ್ಲರಿಗೂ ಒಂದೇ ಸಂಜ್ಞಾ ಭಾಷೆ ಇದ್ದರೆ ಅನುಕೂಲವಲ್ಲವೇ ಎಂದು ಕೇಳುವವರಿಗೆ ನಿಕರಾಗುವಾದ ಕಥೆ ಹೇಳಬೇಕು. 1970ರ ದಶಕದ ಕೊನೆಯಲ್ಲಿ ರಾಜಧಾನಿ ಮನಾಗುವಾದ ಶಾಲೆಗಳಲ್ಲಿ ಕಿವುಡ ಮಕ್ಕಳು ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಒಟ್ಟು ಸೇರಿದರು. ಶಿಕ್ಷಕರು ಕಲಿಸಲು ಹೊರಟದ್ದು ಸ್ಪ್ಯಾನಿಷ್ ಮಾತನ್ನು ಮತ್ತು ತುಟಿ ನೋಡಿ ತಿಳಿಯುವುದನ್ನು. ಅದು ಅಷ್ಟಾಗಿ ಹತ್ತಲಿಲ್ಲ. ಮಕ್ಕಳು ಮಾತ್ರ ಮನೆಯಿಂದ ತಂದ ಚೂರುಪಾರು ಸನ್ನೆಗಳನ್ನು ಆಟದ ಬಯಲಲ್ಲಿ ಬೆರೆಸಿ ಹೊಸ ಭಾಷೆಯನ್ನೇ ಕಟ್ಟಿದರು. ಆಮೇಲೆ ಬಂದ ಚಿಕ್ಕವರು ಅದರ ವ್ಯಾಕರಣವನ್ನು ಇನ್ನಷ್ಟು ಬಿಗಿಗೊಳಿಸಿದರು. ಕಡೆಗೆ, ಈ ಮಕ್ಕಳು ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಿದ್ದಾರೆಂದು ತಿಳಿಯಲು ಸರ್ಕಾರವೇ 1986ರಲ್ಲಿ ಅಮೆರಿಕದಿಂದ ಭಾಷಾವಿಜ್ಞಾನಿ ಜೂಡಿ ಕೆಗಲ್ ಅವರನ್ನು ಕರೆಸಬೇಕಾಯಿತು.