ಹಿಂದುಳಿದ ಮುಖಗಳು

ಇಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರದೆಯ ಮೇಲೆ ಮ್ಯಾಗ್ನೆಟೈಟ್ ಎಂಬ ಕಾಂತೀಯ ಕಬ್ಬಿಣದ ಆಕ್ಸೈಡಿನ ನ್ಯಾನೊಕಣಗಳು ದಾಳದಂತಹ ಪುಟ್ಟ ಘನಗಳಾಗಿ ಒಂದರ ಪಕ್ಕದಲ್ಲೊಂದು ಕುಳಿತಿರುವುದನ್ನು ಬಹಳ ಹೊತ್ತು ನೋಡುತ್ತಿದ್ದೆ. ಕಬ್ಬಿಣದ ಓಲಿಯೇಟನ್ನು, ಅಂದರೆ ಓಲಿಯಿಕ್ ಆಮ್ಲವೆಂಬ ಕೊಬ್ಬಿನಾಮ್ಲದ ಕಬ್ಬಿಣದ ಲವಣವನ್ನು, ಹೆಚ್ಚಿನ ಕುದಿಬಿಂದುವಿರುವ ದ್ರಾವಕದಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಅದು ವಿಭಜನೆಗೊಂಡು ಆಕ್ಸೈಡ್ ಕಣಗಳಾಗುತ್ತದೆ. ಓಲಿಯಿಕ್ ಆಮ್ಲದೊಂದಿಗೆ ಸೋಡಿಯಂ ಓಲಿಯೇಟನ್ನೂ ಬೆರೆಸಿದರೆ ಗೋಳಗಳ ಬದಲು ಘನಗಳನ್ನು ಪಡೆಯಬಹುದು.

ನನ್ನನ್ನು ಸದಾ ಸೆಳೆಯುವುದು ಇದರ ಹಿಂದಿರುವ ತರ್ಕ. ಸ್ಫಟಿಕದ ಎಲ್ಲ ಮುಖಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಯಾವ ಮುಖಕ್ಕೆ ದ್ರಾವಣದ ಅಣುಗಳು ಬಿಗಿಯಾಗಿ ಅಂಟಿಕೊಳ್ಳುತ್ತವೆಯೋ ಅದರ ಬೆಳವಣಿಗೆ ನಿಧಾನವಾಗುತ್ತದೆ, ವೇಗವಾಗಿ ಬೆಳೆಯುವ ಮುಖಗಳು ಕಿರಿದಾಗುತ್ತ ಹೋಗಿ ಇಲ್ಲವಾಗುತ್ತವೆ, ಮತ್ತು ಕೊನೆಯಲ್ಲಿ ಕಣಕ್ಕೆ ಆಕಾರ ಕೊಡುವುದು ಹಿಂದುಳಿದ ಮುಖಗಳೇ. ಕಬ್ಬಿಣದ ಇನ್ನೊಂದು ಆಕ್ಸೈಡಾದ ಹೆಮಟೈಟ್ ಬೆಳೆಯುವಾಗ ಸ್ವಲ್ಪ ಫಾಸ್ಫೇಟ್ ಬೆರೆಸಿದರೆ ಕದಿರಿನಂತಹ ಉದ್ದನೆಯ ಕಣಗಳು ದೊರೆಯುವುದೂ ಇದೇ ನಿಯಮದಿಂದ. ಅವನ್ನು ಹೈಡ್ರೋಜನ್‌ನಲ್ಲಿ ಎಚ್ಚರಿಕೆಯಿಂದ ಅಪಕರ್ಷಿಸಿದರೆ, ಅಂದರೆ ಅವುಗಳಿಂದ ಸ್ವಲ್ಪ ಆಮ್ಲಜನಕವನ್ನು ತೆಗೆದರೆ, ಆ ರೂಪ ಕೆಡದೆ ಮ್ಯಾಗ್ನೆಟೈಟ್ ಸಿಗುತ್ತದೆ.

ಆಕಾರವೆಂಬುದು ಇಲ್ಲಿ ಕೇವಲ ಅಂದದ ಮಾತಲ್ಲ. ಉದ್ದನೆಯ ಕಣದಲ್ಲಿ ಕಾಂತತ್ವವು ಅದರ ಉದ್ದಕ್ಕೇ ನಿಲ್ಲಲು ಬಯಸುತ್ತದೆ, ಆ ದಿಕ್ಕನ್ನು ತಿರುಗಿಸಲು ಹೆಚ್ಚಿನ ಶಕ್ತಿ ಬೇಕಾಗುತ್ತದೆ. ಸತತವಾಗಿ ದಿಕ್ಕು ಬದಲಿಸುವ ಪರ್ಯಾಯ ಕಾಂತಕ್ಷೇತ್ರದಲ್ಲಿ ಕಣಗಳನ್ನು ಬಿಸಿಯಾಗಿಸಿ ಕ್ಯಾನ್ಸರ್ ಗೆಡ್ಡೆಗಳಿಗೆ ಚಿಕಿತ್ಸೆ ನೀಡುವ ಪ್ರಯತ್ನಗಳಲ್ಲಿ ಈ ವ್ಯತ್ಯಾಸಕ್ಕೆ ನಿಜವಾದ ಬೆಲೆಯಿದೆ.

ಕೆರೆಯ ತಳದ ಕೆಸರಿನಲ್ಲಿ ಬಾಳುವ ಕೆಲವು ಬ್ಯಾಕ್ಟೀರಿಯಾಗಳು ಕುದಿಯುವ ದ್ರಾವಕದ ನೆರವಿಲ್ಲದೆ, ಪ್ರೋಟೀನುಗಳ ಹಿಡಿತದಲ್ಲೇ ಇಂತಹ ಸುಂದರ ಸ್ಫಟಿಕಗಳನ್ನು ರೂಪಿಸಿ, ಸರದಂತೆ ಪೋಣಿಸಿಕೊಂಡು ಭೂಮಿಯ ಕಾಂತಕ್ಷೇತ್ರದ ಗುಂಟ ಈಜುತ್ತವೆ ಎಂಬುದು ಪರದೆಯನ್ನು ಆರಿಸುವಾಗ ನೆನಪಾಯಿತು.